ಬೆಡ್‌ಶೀಟಿನ ಇನ್ನೊಂದು ತುದಿ

ಆಸ್ಪತ್ರೆಯ ಲಾಂಡ್ರಿ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ನಮಸ್ಕಾರ. ಮಂಡಿ ನೋವು ಹೇಗಿದೆ? ವ್ಯಾಯಾಮ ಹೇಳಿಕೊಡಲು ಬರುವವಳಿಗೇ ನೀವು ಪಾಠ ಹೇಳುತ್ತೀರಂತೆ, ಅಕ್ಕ ಹೇಳಿಕೊಂಡು ನಕ್ಕಳು. ಆಯುಸ್ಸೆಲ್ಲಾ ಫೋರ್‌ಮನ್ ಆಗಿದ್ದವರು ಸುಮ್ಮನೆ ಕೂರುತ್ತೀರಾ! ಪಾಪ, ಅವಳ ಮಾತನ್ನೂ ಸ್ವಲ್ಪ ಕೇಳಿ. ನಾನು ಚೆನ್ನಾಗಿದ್ದೇನೆ ಅಂತ ಬರೆದು ಹೊಡೆದುಹಾಕಿದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ಎದ್ದು ಕಿಟಕಿಯ ತನಕ ಹೋಗಿಬಂದೆ.

ನಾನು ಮ್ಯಾನೇಜರ್ ಆದಾಗ ನೀವು ಹೇಳಿದ್ದು, "ಸದರ ಕೊಟ್ರೆ ತಲೆ ಮೇಲೆ ಕೂರ್ತಾರೆ, ಹುಷಾರು" ಅಂತ. ಮೇಲಿನವರು ಹೇಳಿದ್ದು ಅದಕ್ಕೆ ತದ್ವಿರುದ್ಧ: ಬಾಗಿಲು ಸದಾ ತೆರೆದಿಡಿ, ಜನ ತಾವಾಗಿ ಬರುತ್ತಾರೆ. ತೆರೆದಿಟ್ಟೆ. ಒಳಗೆ ಬಂದದ್ದು ಆವಿ ಮತ್ತು ಸೋಪಿನ ವಾಸನೆ ಮಾತ್ರ. ನಾನೇ ಒಬ್ಬೊಬ್ಬರನ್ನು ಕರೆದು, ಕುರ್ಚಿ ಕೊಟ್ಟು, ಕಷ್ಟಸುಖ ಕೇಳಿದರೆ ಬಾಯಿಗೆ ಬೀಗ ಹಾಕಿಕೊಂಡವರ ಹಾಗೆ ಕೂತು ಎದ್ದುಹೋದರು. ನನಗೂ ರೇಗಿತು. ನಾನೇನು ಹುಲಿಯೇ, ಕರಡಿಯೇ?

ಮೊನ್ನೆ ಒಬ್ಬಳು ರಜೆ ಹಾಕಿದ್ದರಿಂದ ಬಟ್ಟೆ ಮಡಚಲು ನಾನೇ ನಿಂತೆ. ದೊಡ್ಡ ಬೆಡ್‌ಶೀಟು ಒಬ್ಬರ ಕೈಲಾಗುವ ಕೆಲಸವಲ್ಲ. ಆಚೆ ತುದಿ ಹಿಡಿದವಳು ಇಸ್ತ್ರಿ ಯಂತ್ರದ ಹೆಂಗಸು, ಎಲ್ಲರ ಬಾಯಲ್ಲಿ ದೊಡ್ಡಮ್ಮ. ಮಡಿಕೆಗೊಮ್ಮೆ ಇಬ್ಬರೂ ಹತ್ತಿರ ಬಂದು ತುದಿ ಸೇರಿಸಬೇಕು, ಮತ್ತೆ ಹಿಂದೆ ಸರಿಯಬೇಕು. ಹತ್ತಿರ ಬಂದಾಗಲೆಲ್ಲ ಅವಳು ಒಂದೊಂದು ಮಾತು ಆಡಿದಳು. ಮೊದಲು ಸೊಸೆಯ ಸುದ್ದಿ, ಆಮೇಲೆ ಸೊಂಟನೋವು. ಕೊನೆಗೆ ಬಟ್ಟೆಯ ಮೇಲೇ ಕಣ್ಣಿಟ್ಟು, "ಆ ಇಸ್ತ್ರಿ ಯಂತ್ರ ತಟ್ಟನೆ ನಿಲ್ಲಿಸೋ ಸ್ವಿಚ್ ಕೆಟ್ಟು ಎಷ್ಟೋ ದಿನ ಆಯ್ತಮ್ಮ. ಯಾರದಾದ್ರೂ ಕೈ ಸಿಕ್ಕಿಹಾಕ್ಕೊಂಡ್ರೆ ದೇವರೇ ಗತಿ," ಅಂದಳು. ಹಿಂದಿನ ಮ್ಯಾನೇಜರಿಗೆ ಇದನ್ನೇ ಹೇಳಿದವಳಿಗೆ ಮನೆಯ ದಾರಿ ತೋರಿಸಿದ್ದರಂತೆ. ಇನ್ನು ಯಾರು ತಾನೇ ಬಾಯಿ ಬಿಡುತ್ತಾರೆ, ಹೇಳಿ. ಆಮೇಲೆ ನಾನೇನು ಮಾಡಿದೆ ಅನ್ನುವುದನ್ನು ಇನ್ನೊಮ್ಮೆ ಬರೆಯುತ್ತೇನೆ.

ಮಾತ್ರೆ ತಪ್ಪಿಸಬೇಡಿ. ಅಕ್ಕ-ಭಾವನಿಗೆ ನನ್ನ ನೆನಪು ತಿಳಿಸಿ. ನಿಮ್ಮ ಆಶೀರ್ವಾದವಿರಲಿ.

ನಿಮ್ಮ
ಚಿಕ್ಕವಳು

ತಾ.ಕ.: ಇನ್ನೊಮ್ಮೆ ಯಾಕೆ, ಈಗಲೇ ಹೇಳಿಬಿಡುತ್ತೇನೆ. ಯಾರನ್ನೂ ಕೇಳದೆ ಅವತ್ತೇ ಯಂತ್ರ ನಿಲ್ಲಿಸಿದೆ. ವಾರ್ಡುಗಳಿಗೆ ಹೊತ್ತಿಗೆ ಸರಿಯಾಗಿ ಶೀಟು ಹೋಗುತ್ತಿಲ್ಲ. ಹೇಳಿದವಳು ಯಾರು ಅಂತ ಮೇಲಿನವರು ಕೇಳಿದರು, ನಾನು ಹೆಸರು ಹೇಳಲಿಲ್ಲ. ನಾಳೆ ಕರೆಸಿದ್ದಾರೆ, ನನ್ನ ಕೆಲಸ ಉಳಿಯುವುದು ಅನುಮಾನ. ಬೆಳಗ್ಗೆಯಿಂದ ನಿಮ್ಮ ನಂಬರ್ ಒತ್ತಿ ಒತ್ತಿ ಇಡುತ್ತಿದ್ದೇನೆ. ಕೆಟ್ಟ ಸುದ್ದಿ ನಿಮ್ಮ ಮುಂದೆ ಹೇಳಲು ನನಗೆ ಇವತ್ತಿಗೂ ಹೆದರಿಕೆ ಅಪ್ಪಾ. ಇದನ್ನು ಓದಿದ ಕೂಡಲೇ ನೀವೇ ಫೋನ್ ಮಾಡಿ. ಬುದ್ಧಿ ಹೇಳಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ.