ಉತ್ತರಿಸಿದವರು ಯಾರು

ಭಾನುವಾರ, ಮಾರ್ಚ್ ೧೪

ಪ್ರೀತಿಯ ಅಕ್ಕನಿಗೆ,

ನಿನ್ನ ಬಾಲಂಗೋಚಿಯ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಮಂಡಿನೋವೂ ಚೆನ್ನಾಗಿದೆ, ದಿನದಿಂದ ದಿನಕ್ಕೆ ಬೆಳೆಯುತ್ತಿದೆ. ನೀವಿಬ್ಬರೂ ಆರೋಗ್ಯವಾಗಿದ್ದೀರಿ ಎಂದು ಭಾವನಿಂದ ತಿಳಿಯಿತು. ಫೋನು ಮಾಡಿದಾಗಲೆಲ್ಲ ಅವರೇ ಎತ್ತಿಕೊಂಡು "ಅವಳು ಸ್ನಾನಕ್ಕೆ ಹೋಗಿದಾಳಮ್ಮ" ಅನ್ನುತ್ತಾರೆ. ಹಾಗೆ ನೋಡಿದರೆ ನೀನು ಐದು ತಿಂಗಳಿಂದ ಬಚ್ಚಲುಮನೆಯಿಂದ ಹೊರಗೇ ಬಂದಿಲ್ಲ. ಪಾಪ, ಭಾವನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಹೇಳಿದ ಮೇಲೆ ಒಂದು ಸಲ ಕೆಮ್ಮುತ್ತಾರೆ. ಅವರಿಗೆ ಆ ಕಷ್ಟ ಬೇಡವೆಂದು ಈ ಕಾಗದ.

ಬರೆಯಲು ಇಷ್ಟು ತಡವಾದದ್ದಕ್ಕೆ ಕೆಲಸದ ಮೇಲೆ ತಪ್ಪು ಹೊರಿಸಬಹುದಿತ್ತು. ನಿಜವೆಂದರೆ ನಾಲ್ಕು ಸಲ ಶುರು ಮಾಡಿ ಹರಿದು ಹಾಕಿದೆ. ಮೂವತ್ತೊಂದು ವರ್ಷ ಕಂಡವರ ಮನೆ ಬಾಗಿಲು ತಟ್ಟಿ, ಅವರ ಮಕ್ಕಳು ಓದಿದ್ದೆಷ್ಟು, ಬಿಟ್ಟದ್ದು ಯಾಕೆ ಎಂದು ಕೇಳಿ ಬರೆದುಕೊಂಡವಳು ನಾನು. ಸ್ವಂತ ಅಕ್ಕನಿಗೆ ಎರಡು ಸಾಲು ಬರೆಯಲು ಕೈ ಏಳಲಿಲ್ಲ ನೋಡು.

ಆ ದಿನದ ವಿಷಯ ಮೊದಲು ಹೇಳಿಬಿಡುತ್ತೇನೆ, ಸುತ್ತಿ ಬಳಸಿದರೆ ನಿನಗೆ ಇನ್ನೂ ಕೋಪ ಬರುತ್ತದೆ. ನಮ್ಮ ಸಂಸ್ಥೆಯವರು ಏಷ್ಯಾದ ಬೇರೆ ಐದು ದೇಶಗಳ ಜೊತೆ ಸೇರಿ ಒಂದು ಅಧ್ಯಯನ ಮಾಡುತ್ತಿದ್ದಾರೆ: ಹೆಣ್ಣುಮಕ್ಕಳು ಹತ್ತನೇ ತರಗತಿ ಮುಟ್ಟುವ ಮೊದಲೇ ಶಾಲೆ ಬಿಡುವುದು ಯಾಕೆ ಎಂದು. ಆರು ದೇಶಕ್ಕೂ ಒಂದೇ ಪ್ರಶ್ನಾವಳಿ, ಭಾಷೆ ಮಾತ್ರ ಬೇರೆ. ಕೆಲಸಕ್ಕೆ ಸೇರಿದ ಹೊಸ ಹುಡುಗಿಯರಿಗೆ ಅದನ್ನು ತುಂಬಲು ಕಲಿಸುವವರು, ಮೊದಲು ತಾವೇ ಗುರುತಿನವರ ಹತ್ತಿರ ನಾಲ್ಕು ಹಾಳೆ ತುಂಬಿ ಅಭ್ಯಾಸ ಮಾಡಬೇಕು ಎಂಬುದು ನಮ್ಮ ಪದ್ಧತಿ. ಮೂರು ತುಂಬಿಸಿದ್ದೆ. ನಾಲ್ಕನೆಯದು ನಿನ್ನದಾಗಲಿ ಎಂದು ಹಿಡಿದುಕೊಂಡು ಬಂದೆ. ನೀನು ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದೆ. ಅಕ್ಕನ ವಿಷಯ ನನಗೆ ಗೊತ್ತಿಲ್ಲದ್ದೇನು ಎಂದುಕೊಂಡು, ನಿನ್ನನ್ನು ಕರೆಯದೆ, ನಿನ್ನದೇ ಊಟದ ಮೇಜಿನ ಮೇಲೆ ಇಡೀ ಹಾಳೆ ತುಂಬಿಬಿಟ್ಟೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ನೀನು ಲೋಟ ಇಟ್ಟು, ಕನ್ನಡಕ ಹಾಕಿಕೊಂಡು ಓದಿದೆ. ಒಂಬತ್ತನೇ ಪ್ರಶ್ನೆ: ಶಾಲೆ ಬಿಡಲು ಕಾರಣ? ಕೊಟ್ಟ ಏಳು ಉತ್ತರಗಳಲ್ಲಿ ನಾಲ್ಕನೆಯದಕ್ಕೆ ಗುರುತು: ಓದಿನಲ್ಲಿ ಆಸಕ್ತಿ ಇಲ್ಲ. ಅದರ ಕೆಳಗೆ, ಉತ್ತರಿಸಿದವರು ಯಾರು? ಅಲ್ಲಿಯೂ ನನ್ನ ಗುರುತು: ಸ್ವತಃ.

"ನಾನು ಹೀಗೆ ಹೇಳಿದ್ನಾ?" ಎಂದು ಕೇಳಿದೆ ನೀನು.

ಆಗಲಾದರೂ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ಅಯ್ಯೋ, ಇದು ಬರೀ ಅಭ್ಯಾಸಕ್ಕೆ ಅಕ್ಕ, ಆಮೇಲೆ ಕಸದ ಬುಟ್ಟಿಗೆ ಹೋಗೋ ಹಾಳೆ" ಎಂದು ನಕ್ಕೆ. ನೀನು ನಗಲಿಲ್ಲ. ಹಾಳೆಯನ್ನು ಮಡಿಸಿ ನನ್ನ ಚೀಲದಲ್ಲಿಟ್ಟು, ಚಹಾ ಆರುತ್ತೆ ಕುಡಿ ಎಂದೆ. ಅದೇ ನೀನು ನನ್ನ ಜೊತೆ ಆಡಿದ ಕೊನೆಯ ಮಾತು.

ನಿನಗೆ ಅಷ್ಟು ನೋವಾದದ್ದು ಯಾಕೆ ಎಂದು ಆಗ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಮೊದಲಿನಿಂದಲೂ ಅದೇ ಮಾತು ತಾನೇ? ಯಾರಾದರೂ ಬಂದರೆ ಅಪ್ಪ ನನ್ನನ್ನು ಮುಂದೆ ನಿಲ್ಲಿಸಿ "ಇವಳು ಓದ್ತಾಳೆ" ಅನ್ನುತ್ತಿದ್ದರು. ನಿನ್ನ ಕಡೆ ತಿರುಗಿ "ದೊಡ್ಡವಳಿಗೆ ಓದು ತಲೆಗೆ ಹತ್ತಲಿಲ್ಲ, ಮನೆಕೆಲಸದಲ್ಲಿ ಮಾತ್ರ ಜಾಣೆ" ಅನ್ನುತ್ತಿದ್ದರು. ನೀನು ನೀರಿನ ಲೋಟ ಹಿಡಿದು ನಿಂತಿರುತ್ತಿದ್ದೆ. ಅದೇ ನೀನು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ನನಗೆ ಹದಿನಾರರ ಮಗ್ಗಿ ಹೇಳಿಕೊಟ್ಟೆ. ನನ್ನ ತಲೆ ಬಾಚುತ್ತಾ ನನ್ನ ಪುಸ್ತಕದ ಪದ್ಯ ನನಗಿಂತ ಮೊದಲು ಬಾಯಿಪಾಠ ಮಾಡಿದೆ. ಇಷ್ಟೆಲ್ಲ ಕಣ್ಣಾರೆ ಕಂಡವಳು ಆ ನಾಲ್ಕನೇ ಉತ್ತರಕ್ಕೆ ಗುರುತು ಹಾಕಿದೆ. ನಾಚಿಕೆಯಾಗುತ್ತದೆ ಅಕ್ಕ.

ಜನವರಿಯಲ್ಲಿ ಆರು ದೇಶದವರೂ ನಮ್ಮಲ್ಲಿಗೆ ಬಂದರು. ಮೂರು ದಿನದ ಸಭೆ. ನಮ್ಮ ಮೇಲಿನ ಮಹಡಿಯ ಕೋಣೆ ನಿನಗೆ ಗೊತ್ತಲ್ಲ, ಫ್ಯಾನು ಹಾಕಿದರೆ ಕಾಗದ ಹಾರುತ್ತದೆ, ನಿಲ್ಲಿಸಿದರೆ ಜನ ಬೇಯುತ್ತಾರೆ. ಒಂದೊಂದು ದೇಶದವರೂ ತಮ್ಮ ತಮ್ಮ ಕೋಷ್ಟಕವನ್ನು ಗೋಡೆಯ ಮೇಲೆ ತೋರಿಸಿದರು. ಆಶ್ಚರ್ಯವೆಂದರೆ ಆರರಲ್ಲೂ ಎಲ್ಲಕ್ಕಿಂತ ಮೇಲೆ ನಿಂತ ಕಾರಣ ಒಂದೇ: ಓದಿನಲ್ಲಿ ಆಸಕ್ತಿ ಇಲ್ಲ. ನಮ್ಮ ನಿರ್ದೇಶಕರಿಗೆ ಹಿಡಿಸಲಾರದಷ್ಟು ಸಂತೋಷ. ಒಂದಕ್ಕೊಂದು ಎಷ್ಟು ಚೆನ್ನಾಗಿ ಹೊಂದಿದೆ ನೋಡಿ ಎಂದು ಎಲ್ಲರಿಗೂ ತೋರಿಸಿದರು.

ಆಗ ಒಂದು ದ್ವೀಪದಿಂದ ಬಂದಿದ್ದ ಹಿರಿಯ ಹೆಂಗಸು ಕೈ ಎತ್ತಿದರು. ನಿನ್ನದೇ ವಯಸ್ಸು. ಸಭೆಯಲ್ಲಿ ಎಲ್ಲರೂ ಅವರನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ಅವರು ನಿಧಾನವಾಗಿ ಏನೋ ಹೇಳಿದರು, ಜೊತೆಗಿದ್ದವಳು ನಮಗೆ ಬಿಡಿಸಿ ಹೇಳಿದಳು: "ಅಜ್ಜಿ ಕೇಳ್ತಿದಾರೆ, ಆರು ದೇಶದ ಹುಡುಗಿಯರು ಒಬ್ಬರನ್ನೊಬ್ಬರು ನೋಡೇ ಇಲ್ಲ, ಎಲ್ಲರೂ ಒಂದೇ ಮಾತು ಆಡೋದು ಹೇಗೆ? ದೊಡ್ಡವರು ಮಾತ್ರ ಎಲ್ಲ ಕಡೆ ಒಂದೇ ಥರ ಮಾತಾಡ್ತಾರಂತೆ."

ಕೆಲವರು ನಕ್ಕರು. ನನಗೆ ಮಾತ್ರ ನಿನ್ನ ಊಟದ ಮೇಜು ಕಣ್ಣ ಮುಂದೆ ಬಂತು. ಕೈಯಲ್ಲಿದ್ದ ಪೆನ್ನು ಎಲ್ಲಿಟ್ಟೆ ಎಂದು ಸಂಜೆಯವರೆಗೆ ಹುಡುಕಿದೆ.

ನಮ್ಮವರು ಹೇಗೆ ಕೆಲಸ ಮಾಡುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಶಾಲೆ ಬಿಟ್ಟ ಹುಡುಗಿಯೇ ಉತ್ತರ ಕೊಡಬೇಕು, ಅವಳು ಸಿಗದಿದ್ದರೆ ಮತ್ತೆ ಹೋಗಬೇಕು ಎಂಬುದು ನಿಯಮ. ಮನೆಗೆ ಹೋದರೆ ಎದುರು ಕೂರುವುದು ತಾಯಿ, ಇಲ್ಲವೇ ಅತ್ತೆ, ಸೋದರಮಾವ. ಹುಡುಗಿ ಬಾಗಿಲ ಹಿಂದೆ ನಿಂತಿರುತ್ತಾಳೆ. ದೊಡ್ಡವರು ಹೇಳುತ್ತಾರೆ, ನಮ್ಮವಳು ಬರೆದುಕೊಳ್ಳುತ್ತಾಳೆ. ಹುಡುಗಿ ಕೇಳಿಸಿಕೊಂಡಳು, ಇಲ್ಲ ಅನ್ನಲಿಲ್ಲ, ಅಂದ ಮೇಲೆ ಅವಳೇ ಹೇಳಿದ ಹಾಗೆ. ಸ್ವತಃ ಎಂದು ಗುರುತು ಹಾಕಿ ಮುಂದಿನ ಮನೆ. ಬಿಸಿಲಲ್ಲಿ ಎರಡನೇ ಸಲ ನಡೆಯುವುದು ಯಾರಿಗೆ ಬೇಕು ಎಂದು ನಮ್ಮ ಹೊಸ ಹುಡುಗಿಯರಿಗೆ ಈ ಯುಕ್ತಿ ಕಲಿಸಿದವಳೂ ನಾನೇ.

ಹತ್ತು ದಿನ ರಜೆ ಹಾಕಿದೆ. ನಾನೇ ತುಂಬಿದ್ದ ಅರವತ್ತೆರಡು ಮನೆಗಳಿಗೂ ಮತ್ತೆ ಹೋದೆ. ಮಂಡಿ ಬೈಯಿತು, ಕೇಳಲಿಲ್ಲ. ಈ ಸಲ ಹುಡುಗಿಯರನ್ನು ಬೇರೆಯಾಗಿ ಕರೆದು ಕೇಳಿದೆ, ಮೆಟ್ಟಿಲ ಮೇಲೆ, ನಲ್ಲಿಯ ಹತ್ತಿರ, ಬಟ್ಟೆ ಒಣಗಿಸುವ ತಾರಸಿಯಲ್ಲಿ. ನಲವತ್ತೊಂದು ಜನ ಬೇರೆಯದೇ ಉತ್ತರ ಕೊಟ್ಟರು.

ಒಬ್ಬಳ ಕಥೆ ಹೇಳುತ್ತೇನೆ. ಹೊಲಿಗೆಯವನ ಮಗಳು, ಹದಿನೈದು ವರ್ಷ. ಒಂದೇ ಕೋಣೆಯ ಮನೆ, ಅರ್ಧ ಕೋಣೆ ಹೊಲಿಗೆ ಯಂತ್ರಕ್ಕೆ. ನೆಲದ ತುಂಬ ಬಟ್ಟೆಯ ಚೂರು, ತಾಯಿಯ ಕೊನೆಯ ಮಗು ಅದನ್ನು ಬಾಯಿಗೆ ಹಾಕದ ಹಾಗೆ ಇವಳು ಅದರ ಹಿಂದೆ ಹಿಂದೆ. ತಾಯಿ ಒಳಗಿನಿಂದಲೇ "ಅವಳಿಗೆ ಮೊದಲಿಂದ್ಲೂ ಓದೋ ಮನಸ್ಸಿಲ್ಲ ಮೇಡಂ, ಹೋದ ಸಲನೇ ಬರ್ಕೊಂಡ್ರಲ್ಲ" ಅಂದಳು. ಹುಡುಗಿಯನ್ನು ಮೆಟ್ಟಿಲಿಗೆ ಕರೆದುಕೊಂಡು ಬಂದೆ.

"ನಿಂಗೆ ಶಾಲೆ ಇಷ್ಟ ಇಲ್ವಾ?"

"ಯಾರು ಹೇಳಿದ್ರು?"

"ಅಮ್ಮ ಹೇಳಿದ್ರಲ್ಲ."

"ಅಮ್ಮಂಗೆ ಯಾರು ಹೇಳಿದ್ರಂತೆ?" ಎಂದು ಮಗುವಿನ ಮೂಗು ಒರೆಸಿದಳು. "ನಾನು ಶಾಲೆ ಬಿಟ್ಟಿಲ್ಲ ಮೇಡಂ. ಪಾಪು ಹುಟ್ಟಿದಾಗ ಒಂದು ವಾರ ಮನೇಲಿರು ಅಂದ್ರು. ಆ ವಾರ ಇನ್ನೂ ಮುಗಿದಿಲ್ಲ."

ಪಾಪು ಆಗಲೇ ಮೆಟ್ಟಿಲು ಹತ್ತುತ್ತಿತ್ತು ಅಕ್ಕ. ಇವಳಿಗೆ ಗಣಿತದಲ್ಲಿ ತರಗತಿಗೇ ಮೊದಲ ಸ್ಥಾನವಿತ್ತಂತೆ. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ. ಆ ಹುಡುಗಿ ಗಾಬರಿಯಾಗಿ ನನಗೇ ನೀರು ತಂದುಕೊಟ್ಟಳು.

ಇದನ್ನೆಲ್ಲ ಬರೆದು ನಿರ್ದೇಶಕರ ಮುಂದೆ ಇಟ್ಟೆ. ಅವರು ಕೆಟ್ಟವರಲ್ಲ. ಪೂರ್ತಿ ಓದಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಮೇಡಂ, ನೀವು ಹೇಳೋದು ಸರಿ. ಆದ್ರೆ ಐದು ದೇಶದವರಿಗೆ ಹೋಗಿ ಮತ್ತೆ ಮನೆಮನೆ ತಿರುಗಿ ಅಂತ ಯಾರು ಹೇಳೋದು? ನಿಮ್ಮ ನಿವೃತ್ತಿಗೆ ಇನ್ನು ಏಳು ತಿಂಗಳು, ಯಾಕೆ ತಲೆ ಕೆಡಿಸ್ಕೋತೀರಿ? ಒಂದು ಅಡಿಟಿಪ್ಪಣಿ ಹಾಕೋಣ" ಅಂದರು. ನಾನು ಎರಡು ದಿನ ಹಟ ಮಾಡಿದೆ. ಮೂರನೇ ದಿನ ವರದಿಗೆ ಸಹಿ ಹಾಕಿದೆ. ಯಾರೂ ಕೈ ಹಿಡಿದು ಹಾಕಿಸಲಿಲ್ಲ.

ವರದಿ ಕಳೆದ ವಾರ ಹೊರಬಂತು. ಹುಡುಗಿಯರಿಗೆ ಓದಿನಲ್ಲಿ ಆಸಕ್ತಿ ಹುಟ್ಟಿಸಲು ಶಾಲೆಯ ಗೋಡೆಗಳಿಗೆ ಚಿತ್ರ ಬರೆಸಬೇಕು, ಆಟದ ಸಾಮಾನು ಕೊಡಿಸಬೇಕು ಎಂದು ಶಿಫಾರಸು. ಮಗು ನೋಡಿಕೊಳ್ಳಲು ಶಾಲೆಯ ಪಕ್ಕದಲ್ಲೊಂದು ಕೋಣೆ, ಒಬ್ಬ ಆಯಾ ಇದ್ದರೆ ಸಾಕು ಎಂದು ನಾನು ಬರೆದದ್ದು ನೂರ ಹನ್ನೆರಡನೇ ಪುಟದ ಕೆಳಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿದೆ. ಎಲ್ಲ ಗೊತ್ತಿದ್ದೂ ಸಹಿ ಹಾಕಿದೆ ಎಂಬುದೇ ನನ್ನನ್ನು ತಿನ್ನುತ್ತಿದೆ. ಹೊಲಿಗೆಯವನ ಮಗಳಿಗಾಗಿ ಅಲ್ಲಿಯ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಎರಡು ಸಲ ನೋಡಿ ಬಂದೆ. ಮಗುವನ್ನು ಕರೆದುಕೊಂಡೇ ಬರಲಿ, ನೋಡೋಣ ಅಂದಿದ್ದಾರೆ. ತಾಯಿ ಇನ್ನೂ ಒಪ್ಪಿಲ್ಲ. ನಾನೂ ಬಿಡುವುದಿಲ್ಲ.

ನಿನ್ನ ಹಾಳೆ ಕಸದ ಬುಟ್ಟಿಗೆ ಹೋಗಲಿಲ್ಲ. ನನ್ನ ಹತ್ತಿರವೇ ಇತ್ತು, ಇವತ್ತು ಹರಿದು ಹಾಕಿದೆ. ಈ ಕಾಗದದ ಜೊತೆ ಬೇರೆ ಖಾಲಿ ಹಾಳೆ ಇಟ್ಟಿದ್ದೇನೆ. ಒಂಬತ್ತನೇ ಪ್ರಶ್ನೆಗೆ ಅಲ್ಲಿರುವ ಏಳು ಉತ್ತರಗಳನ್ನೂ ಹೊಡೆದುಹಾಕಿ ಜಾಗ ಮಾಡಿದ್ದೇನೆ. ನಿನಗೆ ತೋಚಿದ್ದನ್ನು ನಿನ್ನ ಕೈಯಾರೆ ಬರೆ. ನನಗೆ ಕಳಿಸಲೇಬೇಕೆಂದಿಲ್ಲ. ಕಳಿಸಿದರೆ ಇದ್ದಷ್ಟು ದಿನ ಜೋಪಾನ ಮಾಡುತ್ತೇನೆ.

ಭಾವನಿಗೆ ನಮಸ್ಕಾರ ಹೇಳು, ಕೆಮ್ಮಿಗೆ ಬಿಸಿನೀರು ಕುಡಿಯಲಿ. ಮೊಮ್ಮಗಳಿಗೆ ಕೆನ್ನೆ ಹಿಂಡಿ ಮುತ್ತು ಕೊಡು. ದೇವರು ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ. ನನಗೆ ನಿನ್ನ ಆಶೀರ್ವಾದ ಬೇಕು, ಬೈಗುಳದ ಜೊತೆ ಸೇರಿಸಿ ಕಳಿಸಿದರೂ ಸಂತೋಷವೇ.

ಇಂತಿ ನಿನ್ನ ತಂಗಿ,
ಬಾಲಂಗೋಚಿ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಚ್ಚಿದೆ. ಇಷ್ಟುದ್ದ ಬರೆದು ಹೇಳಬೇಕಾದ್ದನ್ನೇ ಬಿಟ್ಟರೆ ನಾನು ಮನುಷ್ಯಳಲ್ಲ.

ಅರವತ್ತೆರಡು ಮನೆಯಲ್ಲೂ, ಈ ಮಾತು ಮೊದಲು ಯಾರು ಹೇಳಿದರು ಎಂದು ಕೇಳಿದೆ. ನಮ್ಮ ಮನೆಯಲ್ಲಿ ಮೊದಲು ಹೇಳಿದವರು ಅಪ್ಪನಲ್ಲ. ನಾನು. ನನಗೆ ಆರು ವರ್ಷ, ನಿನಗೆ ಹನ್ನೆರಡು. ಅಮ್ಮ ತಿರುಗಿ ನೂಲಿನ ಗಿರಣಿಗೆ ಹೋಗಲು ಶುರು ಮಾಡಿ ಒಂದು ತಿಂಗಳಾಗಿತ್ತು, ತಮ್ಮ ತೊಟ್ಟಿಲಲ್ಲಿದ್ದ. ನಿನ್ನ ಏಳನೇ ತರಗತಿಯ ಟೀಚರ್ ಬಂದು ಬಾಗಿಲು ತಟ್ಟಿದರು. ನಾನೇ ತೆಗೆದೆ. "ಅಕ್ಕ ಯಾಕಮ್ಮ ಶಾಲೆಗೆ ಬರ್ತಿಲ್ಲ? ಬೆಳಿಗ್ಗೆ ಆಗದಿದ್ರೆ ಮಧ್ಯಾಹ್ನದ ತರಗತಿಗೆ ಬರ್ಲಿ, ನಾನು ಕೇಳಿ ಇಟ್ಟಿದೀನಿ, ಅವಳನ್ನ ಕರಿ" ಅಂದರು. ಬೆಳಿಗ್ಗೆ ಶಾಲೆ ಮುಗಿಸಿ ನಾನು ಮನೆಗೆ ಬಂದರೆ ನೀನು ಇರುತ್ತಿದ್ದೆ. ನೀನು ಮಧ್ಯಾಹ್ನ ಹೋಗಿಬಿಟ್ಟರೆ, ಪಕ್ಕದ ಮನೆಯ ಮುದುಕಿಯ ಹತ್ತಿರ ತಮ್ಮನ ಜೊತೆ ನನ್ನನ್ನೂ ಕೂರಿಸುತ್ತಾರೆ ಎಂದು ನನಗೆ ಹೊಳೆಯಿತು. "ಅಕ್ಕಂಗೆ ಓದೋಕೆ ಇಷ್ಟ ಇಲ್ವಂತೆ ಮಿಸ್, ಅವಳೇ ಹೇಳಿದ್ಲು" ಅಂದೆ. ಮುಂದಿನ ವಾರ ಮತ್ತೆ ಬಂದಾಗಲೂ ಅದನ್ನೇ ಅಂದೆ. ಆಮೇಲೆ ಅವರು ಅಪ್ಪನನ್ನು ಬಸ್‌ಸ್ಟಾಪಿನಲ್ಲಿ ಕಂಡು ಇದನ್ನೇ ಹೇಳಿದರು. ಅಪ್ಪನಿಗೂ ಅದು ಅನುಕೂಲವೇ ಆಯಿತು, ಬಾಯಿಗೆ ಒಂದು ಮಾತು ಸಿಕ್ಕಿತು.

ನೀನು ಆಗ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ, ಒಗೆಯುವ ಸದ್ದು ನಮಗಿಬ್ಬರಿಗೂ ಕೇಳುತ್ತಿತ್ತು. ಹೋದ ವರ್ಷ ಮೊಮ್ಮಗಳಿಗೆ ನೀನು "ನಾನು ಹೋಗ್ದೇ ಇದ್ದಾಗ ಒಬ್ರಾದ್ರೂ ಬಂದು ಯಾಕೆ ಅಂತ ಕೇಳ್ಲಿಲ್ಲ ಪುಟ್ಟ, ನಾನು ಬೇಕಾಗಿರಲಿಲ್ಲ ಅನ್ಸುತ್ತೆ" ಅಂದದ್ದನ್ನು ನಾನು ಪಕ್ಕದಲ್ಲೇ ಕುಳಿತು ಕೇಳಿದೆ, ಆಗಲೂ ಸುಮ್ಮನಿದ್ದೆ.

ಬಂದಿದ್ದರು ಅಕ್ಕ. ಎರಡು ಸಲ ಬಂದಿದ್ದರು.