ಕೊನೆಯ ಮನೆಯ ನಲ್ಲಿ

ಮೇಡಂ ಆಗಿಬಿಟ್ಟಿರುವ ನನ್ನ ತಂಗಿಗೆ,

ಮೊನ್ನೆ ನೀನು ನಡೆಸಿದ ತರಬೇತಿ ಮುಗಿದ ಮೇಲೆ ನಾನು ಮಾತಾಡಿಸದೆ ಬಸ್ಸು ಹತ್ತಿದೆನೆಂದು ಅಮ್ಮನ ಹತ್ತಿರ ಬೇಜಾರು ಮಾಡಿಕೊಂಡೆಯಂತೆ. ನನಗೆ ತಲೆನೋವಿತ್ತು.

ನೀರು ಸರಬರಾಜಿನ ಈ ಕೆಲಸಕ್ಕೆ ನಿನ್ನನ್ನು ಕೈಹಿಡಿದು ಕರೆತಂದವಳು ನಾನು. ಹೊಸ ನಿಯಮ ಕಲಿಸಲು ನಿನ್ನನ್ನು ಆರಿಸಿದರು, ಇರಲಿ. ಆದರೆ ಅಷ್ಟು ಜನರೆದುರು, "ಅಕ್ಕಾ, ಟ್ಯಾಂಕಿನ ಹತ್ರ ಪರೀಕ್ಷೆ ಮಾಡಿದ್ರೆ ಸಾಲದು, ಕೊನೇ ಮನೆ ನಲ್ಲೀಲೂ ನೋಡ್ಬೇಕು" ಅಂದೆಯಲ್ಲ, ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನನ್ನ ಹೊಟ್ಟೆ ಉರಿದುಹೋಯಿತು.

ನಿನ್ನ ಮಾತು ಸುಳ್ಳು ಮಾಡಬೇಕೆಂದೇ ಮರುದಿನ ಬೆಳಿಗ್ಗೆ ಗುಡ್ಡದ ಬೀದಿಯ ಕೊನೆಯ ಮನೆಗೆ ಹೋದೆ. ನಲ್ಲಿಯ ನೀರನ್ನು ಸೀಸೆಗೆ ಹಿಡಿದು ಕ್ಲೋರಿನ್ ಪರೀಕ್ಷೆಯ ಔಷಧಿ ಹನಿಸಿದೆ. ಹಳದಿಯಾಗಬೇಕಿತ್ತು, ಬಣ್ಣವೇ ಬರಲಿಲ್ಲ. ಕ್ಲೋರಿನ್ ಅಲ್ಲಿಯವರೆಗೆ ತಲುಪುತ್ತಲೇ ಇರಲಿಲ್ಲ. ಮಗುವನ್ನು ಎತ್ತಿಕೊಂಡ ಮನೆಯಾಕೆ ಅದೇ ನೀರು ಹಿಡಿಯಲು ನಿಂತಿದ್ದಳು. "ಕುದಿಸದೆ ಕುಡೀಬೇಡಮ್ಮ" ಎಂದು ಅವಳಿಗೂ ಬೀದಿಯವರೆಲ್ಲರಿಗೂ ಹೇಳಿ, ಟ್ಯಾಂಕಿನ ಹತ್ತಿರ ಓಡಿಬಂದು ಕ್ಲೋರಿನ್ ಹೆಚ್ಚಿಸಿದೆ. ಸಂಜೆ ಮತ್ತೆ ನೋಡಿದಾಗ ಹಳದಿ ಬಂತು.

ವಿಷಯ ತಿಳಿಸಿದರೆ ನಮ್ಮ ಎಂಜಿನಿಯರ್ ಸಾಹೇಬರು ನನ್ನ ಬೆನ್ನು ತಟ್ಟುತ್ತಾರೆ ಅಂದುಕೊಂಡೆ. "ನಿಮ್ಮ ತಂಗಿ ಚೆನ್ನಾಗಿ ಕಲಿಸಿದ್ದಾರೆ ಕಣ್ರೀ" ಅಂದರು!

ನೀನು ಹೇಳಿದ್ದು ಸರಿ. ಇದನ್ನು ಅಮ್ಮನಿಗೆ ಹೇಳಬೇಡ, ಈಗಾಗಲೇ ನಿನ್ನನ್ನು ಹೊಗಳಿ ಹೊಗಳಿ ನನ್ನ ತಲೆ ತಿಂದಿದ್ದಾಳೆ. ಮುಂದಿನ ಪಾಠದ ಪುಸ್ತಕವನ್ನು ಮಾತ್ರ ಈ ವಾರವೇ ಕಳಿಸು. ಬೇರೆ ಯಾರಿಗೂ ಕಳಿಸಬೇಡ. ಈ ಸಲ ನೀನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳುವವಳು ನಾನಾಗಿರಬೇಕು.

ಇಂತಿ,
ನಿನಗಿಂತ ಮೊದಲು ಹುಟ್ಟಿದ
ಅಕ್ಕ