ಅಪ್ಪನನ್ನು ಪಾಸು ಮಾಡಿಸಿದ್ದು

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಮುದ್ದು ಮಗಳೇ,

ನಮ್ಮ ಮನೆತನದ ಚರಿತ್ರೆಯಲ್ಲಿ ದಪ್ಪಕ್ಷರದಲ್ಲಿ ಬರೆದಿಡಬೇಕಾದ ಸಂಗತಿ: ಹೋದ ತಿಂಗಳು ನಿನ್ನ ಅಪ್ಪ ಆಸ್ಪತ್ರೆಯಲ್ಲಿ ಅರ್ಧ ಬಿಸ್ಕತ್ತು ನುಂಗಿದರು. ಎದ್ದು ನಿಂತು ಓದು. ಅದಿರಲಿ, ನಿನ್ನ ಬೆನ್ನುನೋವು ಹೇಗಿದೆ? ಕುರ್ಚಿಯ ಮೇಲೆ ಕಾಲು ಮಡಚಿ ಕೂರುವ ಚಾಳಿ ಬಿಟ್ಟೆಯಾ?

ಲಕ್ವ ಹೊಡೆದ ಮೇಲೆ ನೀರು ಕುಡಿದರೆ ಅಪ್ಪನಿಗೆ ಕೆಮ್ಮು ಬರುತ್ತಿದ್ದದ್ದು ನಿನಗೆ ಗೊತ್ತೇ ಇದೆ. ಡಾಕ್ಟರು ನುಂಗುವ ಪರೀಕ್ಷೆಗೆ ಬರೆದುಕೊಟ್ಟರು. ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಿನ್ನ ಅಮ್ಮ ಸುಮ್ಮನಿರುವ ಹೆಂಗಸೇ? ಟ್ಯೂಷನ್ನಿಗೆ ಬಂದ ಎಂಥೆಂಥ ದಡ್ಡರನ್ನೂ ದಡ ಸೇರಿಸಿದವಳು, ಕಟ್ಟಿಕೊಂಡ ಗಂಡನನ್ನು ಫೇಲಾಗಲು ಬಿಡುತ್ತೇನೆಯೇ? ಹಜಾರದಲ್ಲಿ ಲೋಟ, ಚಮಚ, ಬಿಸ್ಕತ್ತು ಜೋಡಿಸಿ ವಾರವೆಲ್ಲ ತಾಲೀಮು ಮಾಡಿಸಿದೆ. ಕೆಮ್ಮು ಬಂದರೆ ಉಸಿರು ಬಿಗಿಹಿಡಿದು ನನ್ನನ್ನೇ ನೋಡಬೇಕು, ಇಷ್ಟೇ ಪಾಠ. ಜೀವಮಾನವೆಲ್ಲ ಬಸ್ಸಿನಲ್ಲಿ ಊರಿಗೆಲ್ಲ ಗದರಿದ ಕಂಡಕ್ಟರು ನನ್ನೆದುರು ಪಿಟ್ಟೆನ್ನದೆ ಕಲಿತರು. ಆ ದಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವ ಹುಡುಗಿಯ ಬೆನ್ನ ಹಿಂದೆ ನಾನು ತುಟಿಗೆ ಬೆರಳಿಟ್ಟು ಕೂತಿದ್ದೆ. ಅಪ್ಪನ ಕಣ್ಣಲ್ಲಿ ನೀರು ತುಂಬಿತು, ಕೆಮ್ಮು ಹೊರಗೆ ಬರಲಿಲ್ಲ. ಮಾಮೂಲಿ ಊಟ ಕೊಡಬಹುದು ಎಂದಳು. ಮೆಟ್ಟಿಲಿಳಿಯುವಾಗ ನಾನು ಬೀಗಿದ್ದೇನು, ಕೇಳಬೇಡ.

ಆ ವಾರವೇ ಉಂಡ ಊಟ ತಪ್ಪು ಬಸ್ಸು ಹತ್ತಿ ಶ್ವಾಸಕೋಶದಲ್ಲಿ ಇಳಿಯಿತು. ಜ್ವರ, ಮತ್ತೆ ಆಸ್ಪತ್ರೆ. ನಿನಗೆ ಫೋನಿನಲ್ಲಿ ಬರೀ ಶೀತ ಎಂದಿದ್ದೆ. ಈಗ ಮನೆಗೆ ಬಂದಿದ್ದಾರೆ, ಗಾಬರಿಯಾಗಬೇಡ. ತಾಲೀಮಿನ ವಿಷಯ ಬಾಯಿಬಿಟ್ಟಾಗ ಆ ಹುಡುಗಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಅಮ್ಮಾ, ಇದರಲ್ಲಿ ಪಾಸು ಫೇಲು ಇಲ್ಲ. ನೀರು ಎಲ್ಲಿ ದಾರಿ ತಪ್ಪುತ್ತೆ ಅಂತ ನೋಡೋಕೆ ಮಾಡೋದು. ಆ ಕೆಮ್ಮೇ ನಮಗೆ ಬೇಕಾಗಿತ್ತು" ಎಂದಳು. ಅವಳೂ ಮೊದಲೇ ಬಿಡಿಸಿ ಹೇಳಿರಲಿಲ್ಲ, ನಿಜ. ಆದರೆ ಅರ್ಥವಾಗದಿದ್ದರೆ ಕೈಯೆತ್ತಿ ಕೇಳು ಎಂದು ಊರ ಮಕ್ಕಳ ಕಿವಿ ಹಿಂಡಿದವಳು ನಾನು. ನನ್ನ ಕೈ ಮಾತ್ರ ಮೇಲೇಳಲಿಲ್ಲ. ಅಪ್ಪನ ಮುಖ ನೋಡಲು ನಾಚಿಕೆಯಾಗಿ ಈಗ ಅವರ ಬೆನ್ನ ಹಿಂದೆ ನಿಂತೇ ತಲೆ ಬಾಚುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು, ನೆಟ್ಟಗೆ ಕೂರು, ನೂರು ಕಾಲ ಚೆನ್ನಾಗಿರು.

ನಿನ್ನ ಅಮ್ಮ
(ಟ್ಯೂಷನ್ ಸದ್ಯಕ್ಕೆ ಬಂದ್)

ಮರೆತೇ ಬಿಟ್ಟಿದ್ದೆ: ಮುಂದಿನ ಶುಕ್ರವಾರ ಮತ್ತೆ ಪರೀಕ್ಷೆ. ಕೆಮ್ಮು ಬಂದರೆ ತಡೆಯಬೇಡಿ ಎಂದು ನಾನು ಬೇಡಿಕೊಂಡರೂ ಅಪ್ಪ, "ನಾಲ್ಕು ಜನರ ಮುಂದೆ ನಿನ್ನ ಮಾನ ಕಳೀತೀನೇನೇ?" ಎಂದು ನಗುತ್ತಾರೆ. ಗುರುವಾರ ಸಂಜೆ ಒಂದು ಫೋನು ಮಾಡಿ, ಧಾರಾಳವಾಗಿ ಕೆಮ್ಮಪ್ಪಾ ಎಂದು ನೀನೇ ಹೇಳು.